ಹಾಲು ಬತ್ತಿದ ಮೇಲೆ ಬಾ

ಹಂಗಳದಲ್ಲಿ ನಮ್ಮ ಮನೆಗೂ ಶಾಂತಮಲ್ಲಮ್ಮನ ಮನೆಗೂ ನಡುವೆ ಒಂದೇ ಗೋಡೆ. ಹಿತ್ತಲಲ್ಲಿ ಮಾತ್ರ ಸೊಂಟದೆತ್ತರದ ಕಲ್ಲಿನ ಕಟ್ಟೆ. ಅವರ ಬಾಣಂತಿ ಕೋಣೆಯ ಕಿಟಕಿ ನಮ್ಮ ಹಿತ್ತಲಿಗೆ ತೆರೆಯುತ್ತದೆ. ಗಾಳಿ ನುಗ್ಗದಿರಲಿ ಎಂದು ಕಿಟಕಿಗೆ ಹಳೆ ಸೀರೆ ಕಟ್ಟಿದ್ದರು. ಸೀರೆ ಗಾಳಿಯನ್ನು ತಡೆಯಿತು, ಮಾತನ್ನು ತಡೆಯಲಿಲ್ಲ. ರೂಪಶ್ರೀಯ ಪಾಡು ನನಗೆ ಗೊತ್ತಾದದ್ದು ಹಾಗೆ. ಕೇಳಿಸದೆ ಉಳಿದದ್ದನ್ನು ಆಮೇಲೆ ಅವಳೇ ಹೇಳಿದಳು.

ರೂಪಶ್ರೀ ಶಾಂತಮಲ್ಲಮ್ಮನ ಸೊಸೆ. ಕೇರಳದ ದಾರಿಯಲ್ಲಿರುವ ಕಾಡಂಚಿನ ಮದ್ದೂರಿನ ಹುಡುಗಿ. ಅಪ್ಪ ಚಿಕ್ಕಬಸವಯ್ಯ ಕಾಡಿನಲ್ಲಿ ದಿನಗೂಲಿಯ ವಾಚರ್. ಅವ್ವ ಇವಳು ಹೈಸ್ಕೂಲಿನಲ್ಲಿದ್ದಾಗಲೇ ತೀರಿಹೋದಳು. ಪಿಯುಸಿ ಮುಗಿಸಿ ಬದನಗುಪ್ಪೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಳು. ಶಾಂತಮಲ್ಲಮ್ಮನ ಮಗ ಸೋಮೇಶ್ ಗೂಡ್ಸ್ ಆಟೋ ಓಡಿಸುತ್ತಾನೆ. ಹೂವು, ತರಕಾರಿ ತುಂಬಿಕೊಂಡು ಕೇರಳದ ಕಡೆಗೆ ಹೋಗುತ್ತಾನೆ. ದೂರದ ಸಂಬಂಧ, ಹಿರಿಯರೇ ಮಾತಾಡಿ ಮದುವೆ ಮಾಡಿದರು. ಹುಡುಗಿ ಎತ್ತರ, ಸಣಕಲು, ಮಾತು ಜೋರು. ನಗುವಾಗ ಬಾಯಿಗೆ ಸೆರಗು ಇಡುತ್ತಿರಲಿಲ್ಲ. ಶಾಂತಮಲ್ಲಮ್ಮನಿಗೆ ಮೊದಲು ಸರಿಬೀಳದೆ ಹೋದದ್ದು ಅದೇ.

ಅವಳು ಬಸುರಿಯಾದ ಹೊತ್ತಿಗೆ ನಮ್ಮ ಯಜಮಾನರು ತೀರಿಕೊಂಡು ವರ್ಷ ತುಂಬಿರಲಿಲ್ಲ. ಊಟಿ ರಸ್ತೆ ದಾಟುವಾಗ ಟೂರಿಸ್ಟ್ ಕಾರು ಹೊಡೆದುಹಾಕಿತು. ಅವರ ಅಂಗಿ ಇನ್ನೂ ಗೂಟದಲ್ಲಿತ್ತು. ನಾನು ತೆಗೆದಿರಲಿಲ್ಲ. ಬಸುರಿ, ಬಾಣಂತಿ ಇರುವ ಮನೆಯವರು ನನ್ನನ್ನು ಕಂಡರೆ ಬಾಗಿಲು ಮುಂದೆ ಮಾಡುತ್ತಿದ್ದರು. ನನ್ನ ಮನೆಯ ಹೊಸಿಲನ್ನಂತೂ ಯಾರೂ ತುಳಿಯುತ್ತಿರಲಿಲ್ಲ. ರೂಪಶ್ರೀಯ ಸೀಮಂತಕ್ಕೆ ಓಣಿಯಲ್ಲಿ ಕರೆಯದೆ ಬಿಟ್ಟದ್ದು ನನ್ನೊಬ್ಬಳನ್ನೇ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಅವಳ ತವರಿನಲ್ಲಿ ಹೆಂಗಸಿಲ್ಲ. ಹಾಗಾಗಿ ಬಾಣಂತನ ಅತ್ತೆಯ ಕೈಗೆ ಬಿತ್ತು.

ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು. ಶಾಂತಮಲ್ಲಮ್ಮ ಒಳಲೆಯಲ್ಲಿ ಸಕ್ಕರೆ ನೀರು, ಹರಳೆಣ್ಣೆ ಕಲಸಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಒಳಲೆ ಎಂದರೆ ಕೂಸಿನ ಬಾಯಿಗೆ ಹಾಲು ಹುಯ್ಯುವ, ಮೂತಿ ಇರುವ ಪುಟ್ಟ ಬಟ್ಟಲು. ನರ್ಸ್ ಅದನ್ನು ಕಿತ್ತುಕೊಂಡು ಮೇಜಿನ ಮೇಲಿಟ್ಟಳು. “ಇದೆಲ್ಲ ಇಲ್ಲಿ ಬೇಡ ಅಜ್ಜಿ, ತಾಯಿ ಹಾಲು ಬಿಟ್ಟು ಒಂದು ತೊಟ್ಟೂ ಹಾಕ್ಬಾರ್ದು” ಎಂದು ಕೂಸನ್ನು ರೂಪಶ್ರೀಯ ಎದೆಗೆ ಹಚ್ಚಿದಳು. ಕೂಸು ಬಾಯಿ ತೆರೆದು ಹಿಡಿದುಕೊಂಡಿತು. ರೂಪಶ್ರೀ ಆ ನೋವಿನಲ್ಲೂ ನಕ್ಕಳಂತೆ. “ಅಕ್ಕಾ, ಹೇಳ್ಕೊಟ್ಟವ್ರು ಯಾರು ಅದ್ಕೆ? ಕಣ್ಣೇ ಬುಟ್ಟಿರ್ನಿಲ್ಲ” ಎಂದು ನನಗೆ ಎಷ್ಟು ಸಲ ಹೇಳಿದ್ದಾಳೋ.

ಶಾಂತಮಲ್ಲಮ್ಮ ಮನೆಗೆ ಬಂದವಳೇ ಜಗಲಿಯಲ್ಲಿ ಕೂತು ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು. “ಆ ಹಳ್ದಿ ಕೀವ ಕೂಸ್ನ ಬಾಯ್ಗೆ ಇಕ್ಕುದ್ರು ಕಣವ್ವ. ಹಿಂಡಿ ಚೆಲ್ಬೇಕಾಗಿತ್ತು. ನಾನು ಹೇಳುದ್ರೆ ನಂಗೇ ಅಜ್ಜಿ ಅಂತಾಳೆ, ಹಲ್ಲುದ್ರಿದ್ದಾವಾ ನಂಗೆ?”

ಅದೇ ವಾರ ಅವರ ಹಸು ಕರು ಹಾಕಿತ್ತು. ಸೋಮೇಶ್ ಗಿಣ್ಣು ಮಾಡಿಸಿಕೊಳ್ಳುವ ಆಸೆಗೆ ಚೊಂಬು ಹಿಡಿದು ಹೋದ. ಅವ್ವ ಕೊಟ್ಟಿಗೆಯಲ್ಲೇ ಬೈದಳು. “ಮೊದ್ಲು ಕರೀಗೆ ಬುಡ್ಲಾ! ಗಿಣ್ಣಾಲು ಒಟ್ಟೆಗೋಗ್ದಿದ್ರೆ ಕರ ಕಾಲ ಮೇಲೆ ನಿಲ್ತದಾ?” ನಾನು ಗೋಡೆಯ ಈಚೆ ಸಗಣಿ ಬಾಚುತ್ತಿದ್ದೆ. ಕೇಳಿಸಿಕೊಂಡೆ.

ಬಾಣಂತಿಗೆ ನೀರು ಕೊಡಬಾರದು ಎಂಬುದು ನಮ್ಮ ಕಡೆಯ ಕಟ್ಟು. ನೀರು ಕುಡಿದರೆ ಹೊಟ್ಟೆ ಇಳಿಬೀಳುತ್ತದೆ, ಕೂಸಿಗೆ ಶೀತ ಇಳಿಯುತ್ತದೆ ಎನ್ನುತ್ತಾರೆ. ಒಣ ಅನ್ನ, ಬೆಳ್ಳುಳ್ಳಿ, ಮೆಣಸಿನ ಪುಡಿ, ಮೇಲೆ ತುಪ್ಪ. ಉಂಡ ಮೇಲೆ ಒಂದು ಲೋಟ ಕಾದಾರಿದ ನೀರು. ಅಷ್ಟೇ. ಈಗ ಎಷ್ಟೋ ಮನೆಗಳಲ್ಲಿ ಬಿಟ್ಟಿದ್ದಾರೆ. ಶಾಂತಮಲ್ಲಮ್ಮ ಬಿಟ್ಟಿರಲಿಲ್ಲ.

“ಅತ್ತೆ, ಒಸಿ ನೀರು ಕೊಡಿ.”

“ಈಗ್ತಾನೆ ಕುಡುದ್ಯಲ್ಲಮ್ಮಿ.”

“ಅದು ಬೆಳಿಗ್ಗೆ ಕುಡುದ್ದು.”

“ನಾನು ಬಟ್ಟೆ ಒದ್ದೆ ಮಾಡ್ಕಂಡು ತುಟಿಗೆ ಒರಸ್ಕತಿದ್ದೆ. ನಿಂಗೆ ಕೊಡಪಾನನೇ ಎತ್ಬೇಕಾ? ಬಾಣಂತಿಯಾ ನೀನು, ಎಮ್ಮೆಯಾ?”

ಆಶಾ ಕಾರ್ಯಕರ್ತೆ ಮಹಾಲಕ್ಷ್ಮಮ್ಮ ಬಂದು ಹೋಗುತ್ತಿದ್ದಳು. ನೀರು ಚೆನ್ನಾಗಿ ಕೊಡಿ, ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ ಎಂದು ಹೇಳುತ್ತಿದ್ದಳು. “ಊ ಕಣಮ್ಮ, ಅಂಗೇ ಮಾಡ್ತಾ ಇವ್ನಿ” ಎಂದು ಶಾಂತಮಲ್ಲಮ್ಮ ಅವಳಿಗೆ ಕಾಫಿ ಕೊಡುತ್ತಿದ್ದಳು. ಮಹಾಲಕ್ಷ್ಮಮ್ಮ ಕಾಫಿ ಕುಡಿದು ಮುಂದಿನ ಮನೆಗೆ ಹೋಗುತ್ತಿದ್ದಳು.

ನೀರಿಲ್ಲದ ಮೈಯಲ್ಲಿ ಹಾಲು ಎಲ್ಲಿಂದ ಬರಬೇಕು? ಕೂಸು ಚೀಪುವುದು, ಸಿಗದೆ ಕಿರುಚುವುದು. ರೂಪಶ್ರೀಗೆ ಎದೆಯ ತೊಟ್ಟು ಒಡೆದು ರಕ್ತ ಬರುತ್ತಿತ್ತು. ಮೊದಲ ಸಲದವಳು. ಹೇಗೆ ಹಿಡಿಯಬೇಕು ಎಂದು ಪಕ್ಕದಲ್ಲಿ ಕೂತು ತೋರಿಸುವವರಿಲ್ಲ. ಹಲ್ಲು ಕಚ್ಚಿಕೊಂಡು ಕೊಡುತ್ತಿದ್ದಳು.

ಕೂಸು ಅತ್ತಾಗಲೆಲ್ಲ ಶಾಂತಮಲ್ಲಮ್ಮ ಬಾಗಿಲಿಗೆ ಬರುತ್ತಿದ್ದಳು. ಅವಳ ಮೊದಲ ಗಂಡು ಕೂಸು ಎದೆಹಾಲು ಕುಡಿಯುತ್ತಿದ್ದಾಗಲೇ ಸತ್ತಿತ್ತು. ನಿನ್ನ ಹಾಲೇ ಕೊಂದಿತು ಎಂದು ಆಗ ಅವಳ ಅತ್ತೆ ಹೇಳಿದ್ದಳಂತೆ. ಆಮೇಲೆ ಸೋಮೇಶನನ್ನು ಹಸುವಿನ ಹಾಲಿನಲ್ಲೇ ಬೆಳೆಸಿದರು. ಅವನು ಬದುಕಿದ. ಅದಕ್ಕೇ ಅವಳಿಗೆ ಆ ಭಯ, ಪಾಪ, ಎನ್ನುವವರು ಊರಲ್ಲಿದ್ದಾರೆ. ನಾನು ಅನ್ನುವುದಿಲ್ಲ.

ಒಂದು ಬೆಳಿಗ್ಗೆ ಅವಳು ಓಣಿಯ ಇಬ್ಬರು ಹೆಂಗಸರನ್ನು ಕರೆದುಕೊಂಡು ಕೋಣೆಗೆ ಹೋದಳು. ಕೈಯಲ್ಲಿ ಒಳಲೆ, ಬೆಂಕಿಪೆಟ್ಟಿಗೆ. ಬೆಂಕಿಪೆಟ್ಟಿಗೆಯಲ್ಲಿ ಒಂದು ಕೆಂಪಿರುವೆ.

“ಹಿಂಡಮ್ಮಿ ಇದ್ಕೆ” ಎಂದಳು.

“ಯಾಕತ್ತೆ?”

“ಇರುವೆ ಬುಟ್ಟು ನೋಡ್ಬೇಕು. ಈಜ್ಕಂಡು ದಡಕ್ಕೆ ಬಂದ್ರೆ ಹಾಲು ಒಳ್ಳೇದು. ಸತ್ರೆ ಇಸ.”

ರೂಪಶ್ರೀ ನಗಾಡಿದಳು. ಅತ್ತೆ ತಮಾಷೆಗೆ ಹೇಳುತ್ತಿದ್ದಾಳೆ ಎಂದುಕೊಂಡಳು. ಆ ಹೆಂಗಸರು ನಗಲಿಲ್ಲ. ಹಿಂಡಿದಳು. ಒಳಲೆಯ ತಳ ಮುಚ್ಚುವಷ್ಟು ಬಂತು. ಇರುವೆಯನ್ನು ಬಿಟ್ಟರು. ಅದು ಕಾಲಾಡಿಸಿತು, ಸುತ್ತಿತು, ನಿಂತಿತು.

“ನೋಡುದ್ರಾ?” ಎಂದಳು ಶಾಂತಮಲ್ಲಮ್ಮ.

“ಅಯ್ಯೋ ಶಿವನೆ, ಇಷ್ಟು ದಿನ ಇದ್ನೇ ಕುಡ್ದದಾ ಕೂಸು” ಎಂದು ಒಬ್ಬಳು ಎದ್ದಳು.

ಅತ್ತೆ ಕೂಸನ್ನು ಎತ್ತಿಕೊಂಡು ಹೊರಗೆ ಹೋದಳು. ಹಸುವಿನ ಹಾಲಿಗೆ ನೀರು ಬೆರೆಸಿ ಕಾಯಿಸಿ, ಅದೇ ಒಳಲೆಯನ್ನು ತೊಳೆದು, ಬಾಯಿಗೆ ಹುಯ್ದಳು. ಹಸಿದ ಕೂಸು ನುಂಗಿತು. ಅತ್ತೆಗೆ ಅಷ್ಟು ಸಾಕಾಯಿತು.

ರೂಪಶ್ರೀ ಸುಮ್ಮನೆ ಬಿಡುವ ಹುಡುಗಿಯಲ್ಲ. ಮಾರನೆಯ ದಿನ ಗೋಡೆಯ ಸಂದಿಯಿಂದ ತಾನೇ ಒಂದು ಇರುವೆ ಹಿಡಿದಳು. ಅತ್ತೆ ಕೂಸಿಗೆ ಕಾಯಿಸಿ ತಂದ ಹಸುವಿನ ಹಾಲಿಗೆ ಅವಳ ಕಣ್ಣೆದುರೇ ಹಾಕಿದಳು. ಅದೂ ಸತ್ತಿತು.

“ಈಗೇನಂತೀರಿ ಅತ್ತೆ? ನಿಮ್ಮ ಹಸೀನ ಹಾಲೂ ಇಸನಾ?”

ಶಾಂತಮಲ್ಲಮ್ಮ ಒಳಲೆಯೊಳಗೆ ಬಗ್ಗಿ ನೋಡಿದಳು. “ನೀನು ಕೈಯಲ್ಲಿ ಹಿಡ್ದೆಯಲ್ಲಮ್ಮಿ, ಅದ್ಕೇ ಸತ್ತೋಯ್ತು. ನಿನ್ನ ಕೈ ಸೋಕುದ್ರೂ ಸಾಯ್ತವೆ” ಎಂದಳು. ಅಷ್ಟು ಹಾಲನ್ನೂ ಬಚ್ಚಲಿಗೆ ಚೆಲ್ಲಿ ಬೇರೆ ಕಾಯಿಸಿದಳು.

ಕುಡಿಯುವ ಬಾಯಿ ಇಲ್ಲದೆ, ಇದ್ದಷ್ಟು ಹಾಲೂ ಕಟ್ಟಿ, ರೂಪಶ್ರೀಯ ಎದೆ ಕಲ್ಲಾಯಿತು. ಜ್ವರ ಬಂತು. ಶಾಂತಮಲ್ಲಮ್ಮ ಮಗನಿಗೆ ಮಾರ್ಕೆಟ್ಟಿನಿಂದ ಮಲ್ಲಿಗೆ ತರಲು ಹೇಳಿದಳು. ನಮ್ಮ ಕಡೆ ಹಾಲು ನಿಲ್ಲಿಸುವುದಕ್ಕೆ ಮಲ್ಲಿಗೆ ಹೂವನ್ನು ಎದೆಗೆ ಕಟ್ಟುತ್ತಾರೆ. ಕೂಸು ಸತ್ತ ತಾಯಂದಿರಿಗೆ ಕಟ್ಟುವುದು ಅದು. ಸೋಮೇಶನಿಗೂ ಅದು ಗೊತ್ತು.

“ಯಾಕವ್ವ, ನಮ್ಮ ಕೂಸು ಬದ್ಕೇ ಅದಲ್ಲ?” ಎಂದ.

“ಬದುಕಿರ್ಲಿ ಅಂತಾನೆ ಕಣ್ಲಾ. ತಾ ಓಗು.”

ತಂದ. ಪ್ಲಾಸ್ಟಿಕ್ ಕವರಿನಲ್ಲಿ ಒದ್ದೆ ಹೂವು. ಅವ್ವ ಅದನ್ನು ಸೊಸೆಯ ಎದೆಗೆ ಸುತ್ತಿ, ಮೇಲೆ ಪಂಚೆ ಹರಿದು ಬಿಗಿದಳು. ಆ ವಾಸನೆ ನಮ್ಮ ಹಿತ್ತಲಿಗೆಲ್ಲ ಬರುತ್ತಿತ್ತು.

ಶಾಂತಮಲ್ಲಮ್ಮ ಬೆಳಿಗ್ಗೆ, ಸಂಜೆ ಡೈರಿಗೆ ಹಾಲು ಹಾಕಲು ಹೋಗುತ್ತಾಳೆ. ಹೋದರೆ ಅಲ್ಲಿ ಕ್ಯೂ, ಮಾತು, ಬರುವುದು ನಿಧಾನ. ಕೂಸನ್ನು ಎಳೆಬಿಸಿಲಿಗೆ ಹಿಡಿ ಎಂದು ಸೊಸೆಗೆ ಹೇಳಿ ಹೋಗುತ್ತಿದ್ದಳು. ಸೋಮೇಶ್ ಅಷ್ಟು ಹೊತ್ತಿಗೆ ಆಟೋ ತೆಗೆದಿರುತ್ತಿದ್ದ. ಮಲ್ಲಿಗೆ ಕಟ್ಟಿದ ಮರುದಿನ ಬೆಳಿಗ್ಗೆ ನಾನು ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದೆ. ರೂಪಶ್ರೀ ಕೂಸನ್ನು ಎತ್ತಿಕೊಂಡು ಕಟ್ಟೆಯ ಹತ್ತಿರ ಬಂದು ನಿಂತಳು. ತುಟಿ ಸೀಳಿತ್ತು.

“ಅಕ್ಕಾ, ಹಿಡ್ಕಳಿ” ಎಂದು ಕೂಸನ್ನು ಚಾಚಿದಳು.

ನಾನು ಕೈ ಹಿಂದಕ್ಕೆ ತೆಗೆದೆ. “ಬ್ಯಾಡ ಕಣಮ್ಮಿ. ನನ್ನ ಮನೇಲಿ ಸೂತ್ಕ ಅಂತಾರೆ. ನಿಮ್ಮತ್ತೆ ಕಂಡ್ರೆ ಸಿಗ್ದಾಕ್ತಾಳೆ.”

“ಅದ್ಕೇ ಬಂದೆ. ನಿಮ್ಮನೆ ಒಳಕ್ಕೆ ಯಾರೂ ಬರಾಕಿಲ್ವಲ್ಲ.”

ಅವಳು ಹೇಳಿದ್ದು ನಿಜ. ಕೂಸನ್ನು ತೆಗೆದುಕೊಂಡೆ. ಅವಳು ಕಟ್ಟೆ ಹತ್ತಿ ಇಳಿದಳು. ಒಳಗೆ ಬಂದವಳೇ ಮೂಲೆಯ ಕೊಡದಿಂದ ಚೊಂಬಿನಲ್ಲಿ ಎತ್ತಿ ಎತ್ತಿ ನೀರು ಕುಡಿದಳು. ಕತ್ತಿನ ಮೇಲೆಲ್ಲ ಸುರಿದುಕೊಂಡಳು. ಆಮೇಲೆ ಪಂಚೆ ಬಿಚ್ಚಿದಳು. ಹೂವು ಬೆವರಿಗೆ ಕಂದಿ ಮೈಗೆ ಅಂಟಿತ್ತು. ಬಿಡಿಸಿ ಒಲೆಗೆ ಹಾಕಿದಳು. ಗೋಡೆಗೆ ಒರಗಿ ಕೂತು ಕೂಸನ್ನು ಎದೆಗೆ ಹಚ್ಚಿದಳು. ತೊಟ್ಟನ್ನಷ್ಟೇ ಬಾಯಿಗೆ ಇಡುತ್ತಿದ್ದಳು. “ಅಂಗಲ್ಲ. ಅಗಲಕ್ಕೆ ಬಾಯಿ ತೆಗುಸು, ತೊಟ್ಟಿನ ಸುತ್ಲ ಕಪ್ಪೂ ಒಳಕ್ಕೋಗ್ಲಿ” ಎಂದೆ. ಕೂಸು ಹಿಡಿಯಿತು. ಅವಳ ಕಾಲಿನ ಬೆರಳುಗಳು ನೋವಿಗೆ ಮಡಚಿಕೊಂಡವು, ನಿಧಾನವಾಗಿ ಬಿಚ್ಚಿದವು.

ಹೋಗುವಾಗ ಪಂಚೆಯನ್ನು ಮೊದಲಿನ ಹಾಗೇ ಸುತ್ತಿಕೊಂಡಳು, ಒಳಗೆ ಹೂವಿನ ಬದಲು ನನ್ನ ಹಳೆಯ ರವಿಕೆ ಮಡಚಿಟ್ಟು. ಹಾಲು ನಿಲ್ಲುತ್ತಿದೆ, ಇನ್ನು ಕಟ್ಟು ನಾನೇ ಕಟ್ಟಿಕೊಳ್ಳುತ್ತೇನೆ ಎಂದು ಅತ್ತೆಗೆ ಹೇಳಿದಳಂತೆ.

ಆ ಮೇಲೆ ದಿನಾ ಬಂದಳು. ಬೆಳಿಗ್ಗೆ ಡೈರಿಯ ಹೊತ್ತಿಗೆ, ಸಂಜೆ ಡೈರಿಯ ಹೊತ್ತಿಗೆ. ನಾನು ಗಂಜಿ, ಸೊಪ್ಪಿನ ಸಾರು ಇಟ್ಟಿರುತ್ತಿದ್ದೆ. ಬಗ್ಗಿ ಉಣ್ಣುತ್ತಿದ್ದಳು, ತೊಡೆಯ ಮೇಲೆ ಕೂಸು. ಹಾಲು ಊರತೊಡಗಿತು. ಕೂಸಿನ ಬಾಯಿಯ ಎರಡೂ ಕಡೆ ಒಸರುವಷ್ಟು ಊರಿತು. “ನೋಡ್ರಕ್ಕ ಇದ್ರ ಒಟ್ಟೆ ಬಾಕತನ” ಎಂದು ನಗುತ್ತಿದ್ದಳು, ಬಾಯಿ ಮುಚ್ಚಿಕೊಳ್ಳದೆ. ಯಜಮಾನರು ಹೋದ ಮೇಲೆ ಆ ಮನೆಯಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು. ಗೂಟದಲ್ಲಿದ್ದ ಅಂಗಿ ನೋಡಿ, “ಅಣ್ಣುಂದಾ?” ಎಂದು ಕೇಳಿದಳು. ಊ ಅಂದೆ.

ಕೂಸಿಗೆ ಕೆನ್ನೆ ತುಂಬಿತು, ಮುಂಗೈಯಲ್ಲಿ ಮಡಿಕೆ ಬಿತ್ತು. ಶಾಂತಮಲ್ಲಮ್ಮ ಜಗಲಿಯಲ್ಲಿ ಮಡಿಲಿಗೆ ಹಾಕಿಕೊಂಡು ಕೂತು ಹೋಗಿ ಬರುವವರಿಗೆಲ್ಲ ತೋರಿಸುತ್ತಿದ್ದಳು. “ನಮ್ಮ ಹಸೀನ ಹಾಲು ಕಣ್ರವ್ವ. ಅವಳ್ದು ಕುಡ್ದಿದ್ರೆ ಇಷ್ಟೊತ್ಗೆ ಮಣ್ಣು ಮಾಡ್ಬೇಕಾಗಿತ್ತು.” ರೂಪಶ್ರೀ ಒಳಗೆ ಕೂತು ಕೇಳುತ್ತಿದ್ದಳು. ಹೇಳಿಕೊಳ್ಳಲಿ ಬಿಡಿ, ಕೂಸು ಕುಡಿದರೆ ಸಾಕು ಎನ್ನುತ್ತಿದ್ದಳು.

ತಿಂಗಳು ತುಂಬಿದ ಮೇಲೆ ಹೆಸರಿಡುವ ಶಾಸ್ತ್ರ ಮಾಡಿದರು. ಶಾಮಿಯಾನ ಹಾಕಿದರು. ನಾನು ಬಾಗಿಲು ಹಾಕಿಕೊಂಡು ಒಳಗಿದ್ದೆ. ಮೇಘನಾ ಎಂದು ಹೆಸರಿಟ್ಟರು. ತೊಟ್ಟಿಲಿಗೆ ಹಾಕುವ ಮೊದಲು ತಾಯಿಯ ಮಡಿಲಿಗೆ ಕೊಡಬೇಕಲ್ಲ, ಕೊಟ್ಟರು. ಸುತ್ತ ಹೆಂಗಸರು ಕೂತಿದ್ದರು. ಕೂಸು ತಾಯಿಯ ವಾಸನೆ ಹಿಡಿದು ರೇಷ್ಮೆ ಸೀರೆಯ ಮೇಲೆಯೇ ಬಾಯಿ ಹಾಕಿ ತಡಕಾಡಿತು. ಸಿಗದೆ ಅತ್ತಿತು. ಅಳು ಕೇಳಿದ್ದೇ ತಡ, ರೂಪಶ್ರೀಯ ರವಿಕೆ ಎರಡೂ ಕಡೆ ಒದ್ದೆಯಾಯಿತು. ಕೆಂಪು ರೇಷ್ಮೆ ಕಪ್ಪಾಯಿತು. ಸೆರಗು ಎಳೆದುಕೊಂಡಳು. ಸೆರಗೂ ಒದ್ದೆಯಾಯಿತು.

“ಏನೇ ಶಾಂತಮಲ್ಲಿ, ಬತ್ತೋಗ್ಯದೆ ಅಂದಿದ್ದೆ? ತೊರೆ ಅರ್ದಂಗೆ ಅರೀತಾ ಅದಲ್ಲ!” ಎಂದಳು ಯಾರೋ. ಒಂದಿಬ್ಬರು ಕಿಸಕ್ಕನೆ ನಕ್ಕರು.

ಶಾಂತಮಲ್ಲಮ್ಮ ಎಲ್ಲರಿಗೂ ಊಟ ಬಡಿಸಿದಳು. ಎಲೆ ಅಡಿಕೆ ಕೊಟ್ಟು ಕಳಿಸಿದಳು. ಕೊನೆಯ ನೆಂಟರು ಬಸ್ಸು ಹತ್ತಿದ ಮೇಲೆ ಬಾಗಿಲು ಹಾಕಿದಳು.

“ಎಲ್ಲಿ ಕೊಡ್ತಿದ್ದೆ?”

ಏಟಿನ ಸದ್ದು ಬಂತು. ಸೋಮೇಶ್ ಹೊಡೆದನೋ ಅತ್ತೆ ಹೊಡೆದಳೋ, ಗೋಡೆಯ ಈಚೆಗೆ ತಿಳಿಯಲಿಲ್ಲ. ಆಮೇಲೆ ಕೇಳಿದರೂ ಅವಳು ಹೇಳಲಿಲ್ಲ. ಪಂಚೆಯೊಳಗೆ ನನ್ನ ರವಿಕೆ ಸಿಕ್ಕಿತು. ಅದರ ಬಣ್ಣ ಓಣಿಗೆಲ್ಲ ಗೊತ್ತು. ಯಜಮಾನರು ಇದ್ದಾಗ ಹಬ್ಬಕ್ಕೆ ಹಾಕುತ್ತಿದ್ದದ್ದು.

ಶಾಂತಮಲ್ಲಮ್ಮ ನಮ್ಮ ಮನೆಯ ಮುಂದೆ ಬಂದು ಬೀದಿಯಲ್ಲೇ ನಿಂತಳು. ಹೊಸಿಲ ಹತ್ತಿರ ಬರಲಿಲ್ಲ.

“ಏನಮ್ಮಿ ಶಶಿರೇಖಾ! ಗಂಡುನ್ನ ನುಂಗ್ಕಂಡೆ, ಸಾಕಾಗ್ಲಿಲ್ವಾ? ನಮ್ಮ ಕೂಸ್ನೂ ನುಂಗ್ಬೇಕಾ?”

ನಾನು ಹೊರಗೆ ಬಂದೆ. “ಕೂಸು ದಪ್ಪಗಾಗ್ಯದೆ ಕಣಕ್ಕ. ನೀನೇ ತೋರುಸ್ಕಂಡು ತಿರುಗ್ತಿದ್ದೆ” ಎಂದೆ.

“ಅದು ನಮ್ಮ ಹಸೀನ ಹಾಲಲ್ಲಾಗಿದ್ದು! ಇಸ ಕುಡುದ್ರೂ ನಮ್ಮ ಹಾಲು ಕಾಪಾಡ್ಯದೆ. ನಿನ್ನ ಮುಂಡೆ ಮನೇಲಿ, ಸಾವಾದ ಮನೇಲಿ, ಹಸುಗೂಸ್ಗೆ ಹಾಲು ಕೊಡುಸ್ದಲ್ಲೇ, ನಿನ್ನ ಕೈ ಸೇದೋಗ. ನಿಂಗೆ ಒಂದು ಹುಟ್ಟಿದ್ರಲ್ವಾ ಗೊತ್ತಾಗಾದು?”

ನನಗೆ ಒಂದು ಹುಟ್ಟಿತ್ತು. ಉಳಿಯಲಿಲ್ಲ. ಅದು ಅವಳಿಗೆ ಗೊತ್ತು. ನಾನು ಒಳಗೆ ಹೋದೆ.

ಮಾರನೆಯ ಬೆಳಿಗ್ಗೆ ಅತ್ತೆ ತೀರ್ಮಾನ ಹೇಳಿದಳು. ರೂಪಶ್ರೀ ಮದ್ದೂರಿಗೆ ಅಪ್ಪನ ಮನೆಗೆ ಹೋಗಬೇಕು. ಕೂಸು ಇಲ್ಲೇ ಇರುತ್ತದೆ. “ಹಾಲು ಬತ್ತಿದ ಮೇಲೆ ಬಾ. ನಿನ್ನ ಮಗಳ್ನ ನೀನು ಎತ್ಕ, ಆಡ್ಸು, ಯಾರು ಬ್ಯಾಡಂದರು? ಎದೇಲಿ ಒಂದು ತೊಟ್ಟಿದ್ರೂ ಈ ಹೊಸ್ಲು ದಾಟ್ಬ್ಯಾಡ.”

“ರೀ, ನೀವೇನಾದ್ರೂ ಹೇಳಿ” ಎಂದಳು ರೂಪಶ್ರೀ, ಗಂಡನಿಗೆ.

“ಒಂದೀಟು ದಿನ ತಾನೆ? ಅವ್ವುನ್ಗೂ ಸಮಾದಾನ ಆಯ್ತದೆ. ಓಗ್ಬಾ” ಎಂದ ಸೋಮೇಶ್. ಆಟೋದಲ್ಲಿ ಅವನೇ ಬಿಟ್ಟು ಬಂದ. ಲೋಡು ಹೇಗೂ ಆ ಕಡೆಗೇ ಇತ್ತು.

ಅಪ್ಪ ಕಾಡಿನ ಕೆಲಸಕ್ಕೆ ಹೋದರೆ ಆ ಮನೆಯಲ್ಲಿ ಅವಳೊಬ್ಬಳೇ. ಮೊದಮೊದಲು ಅವಳು ಹಾಲನ್ನು ಬತ್ತಲು ಬಿಡಲಿಲ್ಲ. ಕೂಸು ಕುಡಿಯುವ ಹೊತ್ತಿಗೆ ಸರಿಯಾಗಿ ಕೈಯಲ್ಲಿ ಹಿಂಡುತ್ತಿದ್ದಳು. ಲೋಟಕ್ಕೆ ಹಿಂಡಿ ಹಿತ್ತಲ ಬೇಲಿಯ ಬುಡಕ್ಕೆ ಸುರಿಯುತ್ತಿದ್ದಳು. ಇವತ್ತು ಕರೆಯುತ್ತಾರೆ, ನಾಳೆ ಕರೆಯುತ್ತಾರೆ, ಕೂಸಿನ ಅಳು ತಡೆಯಲಾರದೆ ಗಂಡ ಬಂದೇ ಬರುತ್ತಾನೆ ಎಂದುಕೊಂಡಿದ್ದಳು. ಅಪ್ಪ ನೋಡಿಯೂ ನೋಡದವನ ಹಾಗೆ ಇದ್ದ. ಗಂಡಸು ಏನು ಹೇಳುತ್ತಾನೆ? ಒಂದು ದಿನ ಮಾತ್ರ, “ಮಗ, ನಾನು ಓಗಿ ಮಾತಾಡ್ಲಾ?” ಎಂದ. ಹೋದ. ಶಾಂತಮಲ್ಲಮ್ಮ ಅವನನ್ನು ಜಗಲಿಯಲ್ಲೇ ಕೂರಿಸಿ, ಎದೆಹಾಲಿನ ಮಾತನ್ನು ಗಂಡಸರು ಆಡಬಾರದು ಎಂದು ಮಜ್ಜಿಗೆ ಕೊಟ್ಟು ಕಳಿಸಿದಳು. ಮೊಮ್ಮಗಳು ಮಲಗಿದೆ ಎಂದು ತೋರಿಸಲೂ ಇಲ್ಲ.

ಸೋಮೇಶ್ ಫೋನು ಮಾಡುತ್ತಿದ್ದ. ಕೇಳುತ್ತಿದ್ದದ್ದು ಒಂದೇ.

“ನಿಂತೋಯ್ತಾ?”

“ಇಲ್ಲ. ಕೂಸು ಎಂಗದೆ?”

“ಚೆಂದಾಗೇ ಅದೆ. ಬ್ಯಾಗ ನಿಲ್ಸಮ್ಮಿ, ನಂಗೂ ಸಾಕಾಗ್ಯದೆ.”

ಹಾಗೆ ಮಾತಾಡುತ್ತಿದ್ದಾಗ ಒಂದು ಸಲ ಹಿಂದಿನಿಂದ ಕೂಸು ಅತ್ತದ್ದು ಫೋನಿನಲ್ಲಿ ಕೇಳಿಸಿತು. ಅಷ್ಟಕ್ಕೇ ಹಾಲು ಇಳಿಯಿತು. ಸೀರೆ ನೆನೆದು ಹೊಟ್ಟೆಯ ಮೇಲೆ ಹರಿಯಿತು. ಕೂಸಿನ ದನಿ ಒಣಗಿತ್ತಂತೆ. ಮೊದಲಿನ ಅಳು ಅಲ್ಲ ಅದು, ಬೆಕ್ಕಿನ ಮರಿ ಕೂಗಿದ ಹಾಗೆ ಇತ್ತು ಎಂದಳು. ಅವತ್ತು ತೀರ್ಮಾನ ಮಾಡಿದಳು. ಹಾಲು ಇಟ್ಟುಕೊಂಡು ಕೂಸು ಇಲ್ಲದೆ ಇರುವುದೋ, ಹಾಲು ಕಳೆದು ಕೂಸಿನ ಹತ್ತಿರ ಹೋಗುವುದೋ. ಮೂರನೆಯ ದಾರಿಯನ್ನು ಅವಳಿಗೆ ಯಾರೂ ಹೇಳಲಿಲ್ಲ.

ಹಿಂಡುವುದು ನಿಲ್ಲಿಸಿದಳು. ಅವ್ವನ ಹಳೆಯ ಸೀರೆ ಹರಿದು ತಾನೇ ಬಿಗಿದುಕೊಂಡಳು, ಉಸಿರು ಕಟ್ಟುವಷ್ಟು. ಎದೆ ಗಂಟುಗಂಟಾಯಿತು. ಕೈ ಎತ್ತಲು ಆಗುತ್ತಿರಲಿಲ್ಲ. ಜ್ವರದಲ್ಲಿ ಬಡಬಡಿಸುತ್ತಿದ್ದಳಂತೆ. ಅಪ್ಪ ಮೆಡಿಕಲ್ಲಿನಿಂದ ಜ್ವರದ ಮಾತ್ರೆ ತಂದುಕೊಟ್ಟ. ಬಾಯಾರಿದರೂ ನೀರು ಕುಡಿಯಲಿಲ್ಲ. ಅತ್ತೆ ಕಲಿಸಿದ್ದನ್ನೇ ತನ್ನ ಮೇಲೆ ಮಾಡಿಕೊಂಡಳು. ಗಂಟು ಮೆತ್ತಗಾದವು. ನೋವು ಹೋಯಿತು. ಎದೆ ಜೋತುಬಿತ್ತು.

“ನಿಂತೋಯ್ತು” ಎಂದು ಅವಳೇ ಫೋನು ಮಾಡಿದಳು.

ಸೋಮೇಶ್ ಕರೆತಂದ. ಶಾಂತಮಲ್ಲಮ್ಮ ಬಾಗಿಲಲ್ಲೇ ತಡೆದಳು. ಒಳಗಿನಿಂದ ಕೂಸಿನ ನರಳಾಟ ಕೇಳುತ್ತಿತ್ತು. ರೂಪಶ್ರೀ ಹೊಸಿಲಿಗೆ ಕಾಲಿಟ್ಟಳು. “ತಡಿ” ಎಂದು ಅತ್ತೆ ಅವಳನ್ನು ಕೊಟ್ಟಿಗೆಯ ಮರೆಗೆ ಎಳೆದುಕೊಂಡು ಹೋದಳು. ರವಿಕೆ ಬಿಚ್ಚಿಸಿದಳು. ದಿನಾ ಹಸುವಿನ ಕೆಚ್ಚಲು ಹಿಂಡುವ ಕೈ. ಒಂದೊಂದು ಕಡೆಯೂ ಬುಡದಿಂದ ತುದಿಯವರೆಗೆ ಎಳೆದು ಹಿಂಡಿದಳು. ನಾನು ಕಟ್ಟೆಯ ಈಚೆ ನಿಂತಿದ್ದೆ. ರೂಪಶ್ರೀ ನನ್ನನ್ನು ನೋಡಿದಳು. ಅಳಲಿಲ್ಲ.

ಏನೂ ಬರಲಿಲ್ಲ.

“ಊ, ಬಾ ಒಳಕ್ಕೆ” ಎಂದಳು ಅತ್ತೆ. ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಒಳಗೆ ಇದ್ದದ್ದು ಅವಳು ಬಿಟ್ಟು ಹೋದ ಕೂಸಲ್ಲ. ಕಣ್ಣು ಗುಳಿಬಿದ್ದಿತ್ತು. ನೆತ್ತಿ ಒಳಕ್ಕೆ ಹೋಗಿತ್ತು. ಹಾಲು ಹುಯ್ದರೆ ಹುಯ್ದ ಹಾಗೇ ನೀರಾಗಿ ಭೇದಿಯಾಗುತ್ತಿತ್ತು. ಹಲ್ಲು ಬರುವ ಭೇದಿ, ದೃಷ್ಟಿ ಭೇದಿ ಎಂದು ಅತ್ತೆ ತಾಯತ ಕಟ್ಟಿದ್ದಳು. ಹಲ್ಲು ಬರುವ ವಯಸ್ಸು ಎಲ್ಲಿ ಅದಕ್ಕೆ? ರೂಪಶ್ರೀ ಕೂಸನ್ನು ಎತ್ತಿಕೊಂಡು ಸೀದಾ ಆಟೋದಲ್ಲಿ ಕೂತಳು. “ಬುಡಿ ಗಾಡಿಯ. ಬುಡ್ಲಿಲ್ಲ ಅಂದ್ರೆ ರೋಡ್ಗೆ ಅಡ್ಡ ಮಲಿಕತೀನಿ” ಎಂದಳು. ಸೋಮೇಶ್ ಬಿಟ್ಟ. ಅತ್ತೆ ಒಳಲೆಯ ಚೀಲ ಹಿಡಿದು ತಾನೂ ಹತ್ತಿದಳು.

ಚಾಮರಾಜನಗರದ ಆಸ್ಪತ್ರೆಯಲ್ಲಿ ಕೂಸಿನ ತಲೆಗೆ ಸೂಜಿ ಚುಚ್ಚಿ ಗ್ಲೂಕೋಸ್ ಹಾಕಿದರು. ಡಾಕ್ಟರು ಹೆಂಗಸು. ಏನು ಕೊಡುತ್ತಿದ್ದೀರಿ ಎಂದು ಕೇಳಿದರು.

“ಹಸೀನ ಹಾಲು ಡಾಕ್ಟ್ರವ್ವ, ಮನೇದೇ, ಗಟ್ಟಿ ಹಾಲು” ಎಂದಳು ಶಾಂತಮಲ್ಲಮ್ಮ.

“ತಾಯಿ ಹಾಲು?”

“ಇವಳ್ಗೆ ಮೊದ್ಲಿಂದ್ಲೂ ಹಾಲೇ ಇಲ್ಲ ಕಣ್ರವ್ವ. ಏನ್ಮಾಡನ, ನಮ್ಮ ಅಣೆಬರ.”

ರೂಪಶ್ರೀ ಗಂಡನ ಕಡೆ ನೋಡಿದಳು. ಅವನು ಫೋನು ನೋಡುತ್ತಿದ್ದ.

“ಇತ್ತು ಡಾಕ್ಟ್ರೆ” ಎಂದಳು. “ನಾನೇ ಬತ್ತಿಸ್ಬುಟ್ಟೆ.”

“ಯಾಕಮ್ಮ?”

“ಮಗು ಬೇಕಾಗಿತ್ತು.”

ಡಾಕ್ಟರಿಗೆ ಅರ್ಥವಾಗಲಿಲ್ಲ. ಯಾರಿಗೆ ಅರ್ಥವಾಗುತ್ತದೆ? ಅವರಿಗೆ ಕೋಪ ಬಂತು. “ಮಗು ಬೇಕು ಅನ್ನೋಳು ಹಾಲು ಬತ್ತಿಸ್ತಾಳೇನಮ್ಮಾ? ಓದಿದೀಯ ತಾನೆ? ಈ ಮಗು ಈ ಸ್ಥಿತಿಗೆ ಬಂದಿರೋದು ನಿನ್ನಿಂದ. ಗೊತ್ತಾ?” ಎಂದು ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ ಬೈದರು. ಶಾಂತಮಲ್ಲಮ್ಮ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು, “ಸರ್ಯಾಗಿ ಕೇಳಿ ಡಾಕ್ಟ್ರವ್ವ” ಎಂದಳು.

ನಾನು ಬಸ್ಸಿನಲ್ಲಿ ಹೋದೆ, ಮರುದಿನ. ಗಂಜಿ ಮಾಡಿ ಫ್ಲಾಸ್ಕಿನಲ್ಲಿ ತೆಗೆದುಕೊಂಡು ಹೋಗಿದ್ದೆ. ಕೂಸಿನ ಕಣ್ಣಿಗೆ ಸ್ವಲ್ಪ ಜೀವ ಬಂದಿತ್ತು. ಉಳಿಯುತ್ತದೆ ಎಂದಿದ್ದರು. ನಡೆದದ್ದನ್ನೆಲ್ಲ ರೂಪಶ್ರೀ ಮೆಲ್ಲಗೆ ಹೇಳಿದಳು, ನನ್ನ ಮುಖ ನೋಡದೆ. ಆಮೇಲೆ ಅಲ್ಲಿನ ನರ್ಸ್ ಬಂದಳು. ಹಾಲು ಇಲ್ಲದಿದ್ದರೂ ಎದೆಗೆ ಹಚ್ಚುತ್ತಲೇ ಇರು, ಕೂಸು ಚೀಪಿದರೆ ಮತ್ತೆ ಬಂದರೂ ಬರಬಹುದು ಎಂದಳು. ಡಾಕ್ಟರು ಹೇಳಿದ್ದಾರೆ ಎಂದದ್ದಕ್ಕೆ ಶಾಂತಮಲ್ಲಮ್ಮ ಅಡ್ಡ ಬರಲಿಲ್ಲ. ನನ್ನನ್ನು ಕಂಡು ಮುಖ ತಿರುಗಿಸಿ, ಪಕ್ಕದ ಬೆಡ್ಡಿನವಳಿಗೆ ಹೇಳಿದಳು. “ಬರಿ ಚೀಲ ಚೀಪ್ಸಾದು ನೋಡವ್ವ, ಬೊಂಬೆ ಆಟ.”

ರೂಪಶ್ರೀ ರವಿಕೆ ಬಿಚ್ಚಿ ಕೂಸನ್ನು ಹಚ್ಚಿದಳು. ಈಗ ಅವಳಿಗೆ ಹಿಡಿಯುವುದು ಗೊತ್ತಿತ್ತು, ಬಾಯಿ ಅಗಲಕ್ಕೆ ತೆಗೆಸಿದಳು. ಕೂಸು ಎರಡು ಸಲ ಚೀಪಿತು. ಏನೂ ಬರಲಿಲ್ಲ. ಬಾಯಿ ಬಿಟ್ಟು ಅವಳ ಮುಖ ನೋಡಿತು, ಯಾರೋ ಎನ್ನುವ ಹಾಗೆ. ಆ ಕಡೆ ಅಜ್ಜಿಯ ಬಳೆ ಸದ್ದಾಯಿತು. ಕೂಸು ಅತ್ತ ತಿರುಗಿ, ಒಳಲೆ ಬಂತು ಎನ್ನುವ ಹಾಗೆ ನಾಲಿಗೆ ಚಾಚಿತು.

“ನೋಡು, ಯಾರು ಬೇಕು ಅಂತ ಅದ್ಕೇ ಗೊತ್ತು” ಎಂದಳು ಶಾಂತಮಲ್ಲಮ್ಮ.

ರೂಪಶ್ರೀ ಕೂಸಿನ ತಲೆ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಅದು ಅತ್ತಿತು. ಮತ್ತೆ ಹಚ್ಚಿದಳು. ಮತ್ತೆ ಬಿಟ್ಟಿತು. ಕೊನೆಯ ಬಸ್ಸಿಗೆ ನಾನು ಎದ್ದಾಗಲೂ ಅವಳು ಹಚ್ಚುತ್ತಲೇ ಇದ್ದಳು.